ಬೇರೆ ಬೇರೆ ಪ್ರಾಣಿಗಳ ಪ್ರೋಟೀನ್‌ಗಳನ್ನು ಜೆಲ್ ಮೇಲೆ ಹೋಲಿಸುವುದು ಹೇಗೆ? ಸ್ನಾಯುವಿನ ಚೂರಿನಿಂದ ಬ್ಯಾಂಡ್ ಎಣಿಕೆಯವರೆಗೆ

ಸಾಲ್ಮನ್, ಟ್ರೌಟ್, ಟ್ಯೂನಾ, ಬಂಗುಡೆ, ಶಾರ್ಕ್, ಸಿಗಡಿ. ಈ ಆರು ಪ್ರಾಣಿಗಳ ಸ್ನಾಯುವಿನಿಂದ ಒಂದೊಂದು ಚೂರು ತೆಗೆದು, ಪ್ರೋಟೀನ್ ಕರಗಿಸಿ, ಒಂದೇ ಜೆಲ್‌ನಲ್ಲಿ (ವಿದ್ಯುತ್ ಹಾಯಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ಮೆತ್ತನೆಯ ಹಾಳೆ) ಅಕ್ಕಪಕ್ಕ ಓಡಿಸಿದರೆ ಪ್ರತಿಯೊಂದಕ್ಕೂ ನೀಲಿ ಗೆರೆಗಳ, ಅಂದರೆ ಬ್ಯಾಂಡ್‌ಗಳ, ಒಂದು ಸಾಲು ಸಿಗುತ್ತದೆ. ಆ ಸಾಲಿಗೆ ಲೇನ್ ಎನ್ನುತ್ತಾರೆ. ಕೆಲವು ಗೆರೆಗಳು ಆರರಲ್ಲೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಕೆಲವು ಎರಡರಲ್ಲಿ ಮಾತ್ರ ಕಾಣುತ್ತವೆ, ಇನ್ನು ಕೆಲವು ಒಂದರಲ್ಲೇ. ಯಾರು ಯಾರಿಗೆ ಹತ್ತಿರದ ಸಂಬಂಧಿ ಎಂದು ಇದರಿಂದ ಒಂದಿಷ್ಟು ಊಹೆ ಮಾಡಬಹುದು.

ಆದರೆ ಈ ಪ್ರಯೋಗ ಮಾಡುವವರು ಒಂದು ಲೇನ್ ಬಿಟ್ಟುಬಿಡುವುದು ಜಾಸ್ತಿ. ಅದೇ ಪ್ರಭೇದದ ಇನ್ನೊಂದು ಪ್ರಾಣಿಯ ಲೇನ್ ಅದು. ಎರಡು ಸಾಲ್ಮನ್‌ಗಳ ನಡುವೆಯೇ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಗೊತ್ತಿಲ್ಲದೆ, ಸಾಲ್ಮನ್‌ಗೂ ಟ್ರೌಟ್‌ಗೂ ಇರುವ ವ್ಯತ್ಯಾಸಕ್ಕೆ ಏನು ಅರ್ಥ ಕೊಡುವುದು? ಈ ಮಾರ್ಗದರ್ಶಿಯಲ್ಲಿ ಮಾದರಿ ತೆಗೆಯುವುದರಿಂದ ಲೆಕ್ಕ ಹಾಕುವವರೆಗೆ ಎಲ್ಲ ಹಂತಗಳೂ ಇವೆ. ಎಲ್ಲದರ ಹಿಂದೆ ಇರುವ ಪ್ರಶ್ನೆ ಮಾತ್ರ ಇದೇ.

ಜೆಲ್ ಅಳೆಯುವುದು ಏನನ್ನು?

ನಾವು ಬಳಸುವ ವಿಧಾನದ ಹೆಸರು ಎಸ್‌ಡಿಎಸ್-ಪೇಜ್. 1970ರಲ್ಲಿ ಲೆಮ್ಲಿ ಪ್ರಕಟಿಸಿದ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಪದ್ಧತಿಯನ್ನೇ ಇವತ್ತಿಗೂ ಹೆಚ್ಚಿನ ಲ್ಯಾಬ್‌ಗಳು ಅನುಸರಿಸುತ್ತವೆ. ಎಸ್‌ಡಿಎಸ್ ಒಂದು ಡಿಟರ್ಜೆಂಟ್. ಬಿಸಿ ಮಾಡಿದಾಗ ಅದು ಪ್ರೋಟೀನ್‌ನ ಮಡಿಕೆಗಳನ್ನು ಬಿಚ್ಚಿ ಉದ್ದಕ್ಕೂ ಅಂಟಿಕೊಳ್ಳುತ್ತದೆ. 1 ಗ್ರಾಂ ಪ್ರೋಟೀನ್‌ಗೆ ಸುಮಾರು 1.4 ಗ್ರಾಂ ಎಸ್‌ಡಿಎಸ್ ಅಂಟುತ್ತದೆ. ಅದರ ಋಣ ವಿದ್ಯುದಂಶ ಎಷ್ಟಿರುತ್ತದೆ ಎಂದರೆ, ಪ್ರೋಟೀನ್‌ನ ಸ್ವಂತ ವಿದ್ಯುದಂಶ ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಹಾಕುವ ಮರ್ಕ್ಯಾಪ್ಟೋಎಥನಾಲ್ ಅಥವಾ ಡಿಟಿಟಿ, ಸರಪಳಿಗಳನ್ನು ಹಿಡಿದಿಟ್ಟ ಗಂಧಕದ ಬಂಧಗಳನ್ನು ಕತ್ತರಿಸುತ್ತದೆ.

ಹೀಗಾದ ಮೇಲೆ ಎಲ್ಲ ಪ್ರೋಟೀನ್‌ಗಳೂ ಧನ ಧ್ರುವದ ಕಡೆಗೆ ಹೊರಡುತ್ತವೆ. ಜೆಲ್ ಇಲ್ಲಿ ಜರಡಿಯ ಕೆಲಸ ಮಾಡುತ್ತದೆ. ಚಿಕ್ಕವು ಬೇಗ ಇಳಿಯುತ್ತವೆ, ದೊಡ್ಡವು ಮೇಲೆಯೇ ತಡೆದು ನಿಲ್ಲುತ್ತವೆ.

ಅಂದರೆ ಈ ಜೆಲ್ ತೋರಿಸುವುದು ಗಾತ್ರವನ್ನು ಮಾತ್ರ. ಕುಡಗೋಲು ಕಣ ರಕ್ತಹೀನತೆಯ ಹಿಮೋಗ್ಲೋಬಿನ್ ಉದಾಹರಣೆ ನೋಡಿ. ಅದರ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲದ ಬದಲು ವ್ಯಾಲಿನ್ ಇದೆ. 1949ರಲ್ಲಿ ಲೈನಸ್ ಪೌಲಿಂಗ್ ತಂಡ ಎಲೆಕ್ಟ್ರೋಫೊರೆಸಿಸ್‌ನಿಂದಲೇ (ವಿದ್ಯುತ್ತಿನಿಂದ ಪ್ರೋಟೀನ್ ಓಡಿಸುವ ವಿಧಾನ) ಆ ಹಿಮೋಗ್ಲೋಬಿನ್ ಬೇರೆ ಎಂದು ತೋರಿಸಿತು. ಆದರೆ ಅವರು ನೋಡಿದ್ದು ವಿದ್ಯುದಂಶದ ವ್ಯತ್ಯಾಸ, ಎಸ್‌ಡಿಎಸ್ ಅಲ್ಲಿ ಇರಲಿಲ್ಲ. ಎಸ್‌ಡಿಎಸ್ ಹಾಕಿದ ಸಾಮಾನ್ಯ ಜೆಲ್‌ನಲ್ಲಿ ಆ ಎರಡನ್ನೂ ಬೇರ್ಪಡಿಸುವುದನ್ನು ನಿರೀಕ್ಷಿಸುವ ಹಾಗಿಲ್ಲ. ಎರಡು ಲೇನ್ ಒಂದೇ ತರ ಕಂಡರೆ "ಪ್ರೋಟೀನ್ ಒಂದೇ" ಎಂದು ಹೇಳಲು ಆಗುವುದಿಲ್ಲ. "ಗಾತ್ರದಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಇಲ್ಲ" ಎಂದಷ್ಟೇ ಹೇಳಬಹುದು.

ಪ್ರಾಣಿ ಆಯ್ಕೆ, ಅದಕ್ಕಿಂತ ಮುಖ್ಯವಾಗಿ ಯಾವ ಭಾಗ

ಮೇಲಿನ ಪಟ್ಟಿಯನ್ನು ಸುಮ್ನೆ ಮಾಡಿದ್ದಲ್ಲ. ಸಾಲ್ಮನ್ ಮತ್ತು ಟ್ರೌಟ್ ಒಂದೇ ಕುಟುಂಬದವು. ಟ್ಯೂನಾ ಮತ್ತು ಬಂಗುಡೆ ಇನ್ನೊಂದು ಕುಟುಂಬದವು. ಶಾರ್ಕ್ ಮೃದ್ವಸ್ಥಿ ಮೀನು, ಅದರ ವಂಶ ಮೂಳೆ ಮೀನುಗಳ ವಂಶದಿಂದ ಬೇರೆಯಾಗಿ 40 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಸಿಗಡಿಗೆ ಬೆನ್ನುಮೂಳೆಯೇ ಇಲ್ಲ. ಹತ್ತಿರದ ಎರಡು ಜೋಡಿ, ಒಂದು ದೂರದ ಸಂಬಂಧಿ, ಒಂದು ಪೂರ್ತಿ ಹೊರಗಿನದು. ಸಂಬಂಧ ಮೊದಲೇ ಗೊತ್ತಿರುವ ಇಂಥ ಪಟ್ಟಿಯಿಂದ ಶುರು ಮಾಡಿದರೆ ವಿಧಾನ ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯುತ್ತದೆ. ಗೊತ್ತಿಲ್ಲದ ಪ್ರಾಣಿಗಳನ್ನು ಆಮೇಲೆ ಸೇರಿಸಿ.

ಇವುಗಳ ಜೊತೆಗೆ ಎರಡನೇ ಸಾಲ್ಮನ್ ಬೇಕೇ ಬೇಕು. ಅದೇ ಮೀನಿನ ಎರಡನೇ ಚೂರು ಸಾಲದು, ಬೇರೆ ಮೀನೇ ಆಗಬೇಕು. ಆಗುವುದಾದರೆ ಪ್ರತಿ ಪ್ರಭೇದದಿಂದಲೂ ಎರಡೆರಡು ತೆಗೆದುಕೊಳ್ಳಿ.

ಈಗ ಭಾಗದ ವಿಷಯ. ಮೀನಿನ ಪಕ್ಕೆಯ ಉದ್ದಕ್ಕೂ, ಚರ್ಮದ ಕೆಳಗೆ, ಕಡು ಬಣ್ಣದ ಸ್ನಾಯುವಿನ ಪಟ್ಟಿ ಇರುತ್ತದೆ. ಉಳಿದದ್ದು ತಿಳಿ ಸ್ನಾಯು. ಇವೆರಡರ ಪ್ರೋಟೀನ್ ಬೇರೆ ಬೇರೆ. ಕಡು ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಜಾಸ್ತಿ, ಮಯೋಸಿನ್‌ನ ರೂಪಗಳೂ ಬೇರೆ. ಒಂದು ಮೀನಿನ ತಿಳಿ ಸ್ನಾಯುವನ್ನು ಇನ್ನೊಂದರ ಕಡು ಸ್ನಾಯುವಿನ ಪಕ್ಕದಲ್ಲಿ ಇಟ್ಟರೆ ಹೋಲಿಕೆ ಆಗುವುದು ಸ್ನಾಯುಗಳ ನಡುವೆ, ಪ್ರಭೇದಗಳ ನಡುವೆ ಅಲ್ಲ. ಹಾಗಾಗಿ ಎಲ್ಲದರಲ್ಲೂ ಬೆನ್ನಿನ ಮೇಲ್ಭಾಗದ ತಿಳಿ ಸ್ನಾಯುವನ್ನೇ ತೆಗೆಯಿರಿ. ಚರ್ಮ, ಕೊಬ್ಬು, ಬಿಳಿ ಪೊರೆ ಬೇಡ. ಟ್ಯೂನಾದಲ್ಲಿ ತುಂಬ ಎಚ್ಚರ ಬೇಕು, ಅದರಲ್ಲಿ ಕಡು ಸ್ನಾಯು ಒಳಗಿನವರೆಗೂ ಹೋಗಿರುತ್ತದೆ. ಸಿಗಡಿಯಲ್ಲಿ ಬಾಲದ ಮಾಂಸ ಮಾತ್ರ ತೆಗೆದು, ಕರುಳಿನ ಗೆರೆ ಕಿತ್ತುಬಿಡಿ. ತಲೆಯ ಭಾಗದ ಜೀರ್ಣಗ್ರಂಥಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳು ತುಂಬಿರುತ್ತವೆ. ಅದು ತಗುಲಿದರೆ ಬ್ಯಾಂಡ್‌ಗಳು ಕರಗಿ ಮಸುಕಾಗುತ್ತವೆ.

ತಾಜಾತನವೂ ಎಲ್ಲದರಲ್ಲಿ ಒಂದೇ ತರ ಇರಲಿ. ಒಂದು ಮೀನು ತಾಜಾ, ಇನ್ನೊಂದು ದಿನಗಟ್ಟಲೆ ಇಟ್ಟದ್ದು ಅಂದರೆ, ಕೊಳೆಯುವಿಕೆಯಿಂದ ಬಂದ ಗೆರೆಗಳನ್ನು ನೀವು ವಿಕಾಸದ ಲೆಕ್ಕಕ್ಕೆ ಬರೆಯುತ್ತೀರಿ. ಚೂರುಗಳನ್ನು ತೆಗೆದ ಕೂಡಲೇ ಮಂಜುಗಡ್ಡೆಯ ಮೇಲೆ ಇಡಿ. ಅವತ್ತೇ ಬಳಸದಿದ್ದರೆ ಫ್ರೀಜ್ ಮಾಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಇನ್ನೊಂದು ಮಾತು, ಮೀನಿನ ಮಾಂಸ ತಪ್ಪು ಹೆಸರಲ್ಲಿ ಮಾರಾಟವಾಗುವುದು ಎಲ್ಲ ಕಡೆ ಕಂಡಿರುವ ಸಂಗತಿ. ತಲೆ, ರೆಕ್ಕೆ ಇರುವ ಇಡೀ ಮೀನನ್ನು ನೋಡಿ ಗುರುತಿಸಿ ಚೂರು ತೆಗೆಯುವುದೇ ಒಳ್ಳೆಯದು.

ಸುರಕ್ಷತೆ, ಬಫರ್‌ಗಳು

ಗಟ್ಟಿಯಾಗದ ಅಕ್ರಿಲಮೈಡ್ ನರಮಂಡಲಕ್ಕೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ. ಜೆಲ್ ಗಟ್ಟಿಯಾದ ಮೇಲೂ ಸ್ವಲ್ಪ ಉಳಿದಿರುತ್ತದೆ, ಆಗಲೂ ಗ್ಲೌಸ್ ಇರಲಿ. ಶಾಲಾ ಮಕ್ಕಳ ಜೊತೆ ಮಾಡುವವರು ರೆಡಿಮೇಡ್ ಜೆಲ್ ಕೊಳ್ಳುವುದೇ ಸರಿ, ಅಲ್ಲಿ ಉಳಿತಾಯ ನೋಡಬಾರದು. ಮರ್ಕ್ಯಾಪ್ಟೋಎಥನಾಲ್ ವಿಷಕಾರಿ, ವಾಸನೆಯೂ ತೀರಾ ಕೆಟ್ಟದು. ಬಾಟಲಿಯನ್ನು ಫ್ಯೂಮ್ ಹುಡ್ ಒಳಗೇ ತೆರೆಯಿರಿ.

ಸ್ಯಾಂಪಲ್ ಬಫರ್, 10 ಮಿ.ಲೀ.ಗೆ: ಪಿಎಚ್ 6.8 ಇರುವ 0.5 ಮೋಲಾರ್ ಟ್ರಿಸ್-ಎಚ್‌ಸಿಎಲ್ 1.25 ಮಿ.ಲೀ., 10% ಎಸ್‌ಡಿಎಸ್ 2 ಮಿ.ಲೀ., ಗ್ಲಿಸರಾಲ್ 1 ಮಿ.ಲೀ., ನೀರು 5.25 ಮಿ.ಲೀ., ಬ್ರೋಮೋಫಿನಾಲ್ ಬ್ಲೂ ಒಂದು ಚಿಟಿಕೆ. ಉಳಿದ 0.5 ಮಿ.ಲೀ. ಮರ್ಕ್ಯಾಪ್ಟೋಎಥನಾಲ್. ಇದನ್ನು ಬಳಸುವ ದಿನವೇ ಸೇರಿಸಿ.

ರನ್ನಿಂಗ್ ಬಫರ್, 1 ಲೀಟರ್‌ಗೆ: ಟ್ರಿಸ್ 3 ಗ್ರಾಂ, ಗ್ಲೈಸಿನ್ 14.4 ಗ್ರಾಂ, ಎಸ್‌ಡಿಎಸ್ 1 ಗ್ರಾಂ. ಪಿಎಚ್ ತಾನಾಗಿಯೇ 8.3ರ ಹತ್ತಿರ ಬರುತ್ತದೆ. ಆಮ್ಲ ಹಾಕಿ ಸರಿಮಾಡಲು ಹೋಗಬೇಡಿ. ಹಾಗೆ ಮಾಡಿದರೆ ಕ್ಲೋರೈಡ್ ಸೇರಿ ಓಟವೇ ಕೆಡುತ್ತದೆ.

ಪ್ರೋಟೀನ್ ತೆಗೆಯುವುದು

1. ಪ್ರತಿ ಸ್ನಾಯುವಿನಿಂದ 20 ಮಿ.ಗ್ರಾಂ ತೂಗಿ. ಅಕ್ಕಿಕಾಳಿನಷ್ಟು ಮಾತ್ರ. ಜಾಸ್ತಿ ಹಾಕಿದರೆ ಒಳ್ಳೆಯದು ಅನಿಸುತ್ತದೆ, ಆದರೆ ಮೀನಿನ ಮಾಂಸದಲ್ಲಿ ಸುಮಾರು ಐದನೇ ಒಂದು ಭಾಗ ಪ್ರೋಟೀನೇ ಇರುತ್ತದೆ. 20 ಮಿ.ಗ್ರಾಂ ಅಂದರೆ ಹೆಚ್ಚುಕಮ್ಮಿ 4 ಮಿ.ಗ್ರಾಂ ಪ್ರೋಟೀನ್. ಒಂದು ಲೇನ್‌ಗೆ ಬೇಕಾದದ್ದು 10ರಿಂದ 20 ಮೈಕ್ರೋಗ್ರಾಂ ಅಷ್ಟೇ.

2. ಚೂರನ್ನು ಬ್ಲೇಡಿನಿಂದ ಸಣ್ಣಗೆ ಕೊಚ್ಚಿ 1.5 ಮಿ.ಲೀ. ಟ್ಯೂಬಿಗೆ ಹಾಕಿ. ಪ್ರತಿ ಪ್ರಾಣಿಗೂ ಹೊಸ ಬ್ಲೇಡ್. ಟ್ಯೂಬಿನ ಮುಚ್ಚಳದ ಮೇಲೂ ಪಕ್ಕದಲ್ಲೂ ಗುರುತು ಬರೆಯಿರಿ.

3. ಮರ್ಕ್ಯಾಪ್ಟೋಎಥನಾಲ್ ಮತ್ತು ಬಣ್ಣ ಎರಡೂ ಇಲ್ಲದ ಬಫರ್ 500 ಮೈಕ್ರೋಲೀಟರ್ ಹಾಕಿ, ಪ್ಲಾಸ್ಟಿಕ್ ಪೆಸಲ್‌ನಿಂದ ಚೆನ್ನಾಗಿ ಅರೆಯಿರಿ. ಕೋಣೆಯ ತಾಪಮಾನದಲ್ಲಿ 10 ನಿಮಿಷ ಬಿಟ್ಟು ಆಗಾಗ ಅಲ್ಲಾಡಿಸಿ. ಎಸ್‌ಡಿಎಸ್ ಸೇರಿದ ಮೇಲೆ ಟ್ಯೂಬನ್ನು ಮಂಜುಗಡ್ಡೆಯಲ್ಲಿ ಇಡಬಾರದು, ಚಳಿಗೆ ಎಸ್‌ಡಿಎಸ್ ಬಿಳಿ ಹರಳಾಗಿ ಕೂರುತ್ತದೆ.

4. ಅಂಟಂಟಾಗಿ ಎಳೆ ಬಂದರೆ ಅದು ಡಿಎನ್‌ಎ. ಸಿರಿಂಜಿನ ಸೂಜಿಯಲ್ಲಿ ಕೆಲವು ಸಲ ಎಳೆದು ಬಿಟ್ಟರೆ ತುಂಡಾಗುತ್ತದೆ.

5. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ 5 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಹೊಸ ಟ್ಯೂಬಿಗೆ ತೆಗೆಯಿರಿ. ಕೊಬ್ಬಿನ ಮೀನಾದರೆ ಮೇಲೆ ತೆಳು ಪದರ ತೇಲುತ್ತದೆ, ಪಿಪೆಟ್ ಟಿಪ್ಪನ್ನು ಅದರ ಕೆಳಗೆ ಇಳಿಸಿ ಎಳೆಯಿರಿ.

6. ಪ್ರೋಟೀನ್ ಪ್ರಮಾಣ ಅಳೆಯುವುದಾದರೆ ಈಗಲೇ ಅಳೆಯಿರಿ. ಬ್ರಾಡ್‌ಫೋರ್ಡ್ ವಿಧಾನ ಇಲ್ಲಿ ಆಗುವುದಿಲ್ಲ, ಎಸ್‌ಡಿಎಸ್ ಅದನ್ನು ಕೆಡಿಸುತ್ತದೆ. ಬಿಸಿಎ ವಿಧಾನ ಎಸ್‌ಡಿಎಸ್ ತಡೆಯುತ್ತದೆ, ಆದರೆ ಮರ್ಕ್ಯಾಪ್ಟೋಎಥನಾಲ್ ತಡೆಯುವುದಿಲ್ಲ. ಮೂರನೇ ಹಂತದಲ್ಲಿ ಅದನ್ನು ಬಿಟ್ಟಿದ್ದು ಇದಕ್ಕೇ.

7. ಅಳತೆ ಮುಗಿದ ಮೇಲೆ ಬಣ್ಣವನ್ನೂ 5% ಆಗುವಷ್ಟು ಮರ್ಕ್ಯಾಪ್ಟೋಎಥನಾಲ್ ಅನ್ನೂ ಸೇರಿಸಿ, 95 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ. ಬಿಸಿಗೆ ಮುಚ್ಚಳ ಹಾರದಂತೆ ಕ್ಲಿಪ್ ಹಾಕಿ. ತಣಿದ ಮೇಲೆ ಒಂದು ಸಲ ಸೆಂಟ್ರಿಫ್ಯೂಜ್ ಮಾಡಿ, ಮುಚ್ಚಳಕ್ಕೆ ಅಂಟಿದ ಹನಿಗಳು ಕೆಳಗಿಳಿಯಲಿ.

ಎಲ್ಲ ಪ್ರಾಣಿಗಳಿಗೂ ಒಂದೇ ಬಫರ್, ಒಂದೇ ಸಮಯ, ಒಂದೇ ಬಿಸಿ. ಒಬ್ಬರೇ ಎಲ್ಲವನ್ನೂ ಅರೆಯುವುದು ಒಳ್ಳೆಯದು. ಒಬ್ಬರು ಸಾಲ್ಮನ್, ಇನ್ನೊಬ್ಬರು ಟ್ರೌಟ್ ಎಂದು ಹಂಚಿಕೊಂಡರೆ ಅರೆಯುವ ಕೈಯ ವ್ಯತ್ಯಾಸವೂ ಜೆಲ್ ಮೇಲೆ ಬಂದು ಕೂರುತ್ತದೆ.

ಜೆಲ್ ಹಾಕುವುದು

ಸ್ನಾಯುವಿನ ಪ್ರೋಟೀನ್‌ಗಳಿಗೆ 12% ಜೆಲ್ ಒಳ್ಳೆಯ ಮಧ್ಯಮ ಆಯ್ಕೆ. ಅದರಲ್ಲಿ ಸುಮಾರು 15ರಿಂದ 100 ಕಿಲೋಡಾಲ್ಟನ್‌ವರೆಗಿನ (ಪ್ರೋಟೀನ್‌ನ ಗಾತ್ರ ಹೇಳುವ ಮಾನ) ಬ್ಯಾಂಡ್‌ಗಳು ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ಅದಕ್ಕಿಂತ ಚಿಕ್ಕವು ಮುಖ್ಯವಾದರೆ 15%, ಎಲ್ಲವೂ ಒಂದೇ ನೋಟಕ್ಕೆ ಬೇಕೆಂದರೆ 4ರಿಂದ 20%ರ ಗ್ರೇಡಿಯಂಟ್ ಜೆಲ್.

12% ರಿಸಾಲ್ವಿಂಗ್ ಜೆಲ್ (ಪ್ರೋಟೀನ್‌ಗಳು ಬೇರ್ಪಡುವ ಕೆಳಭಾಗ), 10 ಮಿ.ಲೀ.: ನೀರು 3.3, 30% ಅಕ್ರಿಲಮೈಡ್ ಮಿಶ್ರಣ 4.0, ಪಿಎಚ್ 8.8ರ 1.5 ಮೋಲಾರ್ ಟ್ರಿಸ್ 2.5, 10% ಎಸ್‌ಡಿಎಸ್ 0.1, 10% ಅಮೋನಿಯಂ ಪರ್‌ಸಲ್ಫೇಟ್ 0.1, ಟೆಮೆಡ್ 0.004 ಮಿ.ಲೀ.

5% ಸ್ಟ್ಯಾಕಿಂಗ್ ಜೆಲ್ (ಮಾದರಿಯನ್ನು ತೆಳು ಗೆರೆಯಾಗಿ ಒಗ್ಗೂಡಿಸುವ ಮೇಲ್ಭಾಗ), 5 ಮಿ.ಲೀ.: ನೀರು 2.8, ಅಕ್ರಿಲಮೈಡ್ ಮಿಶ್ರಣ 0.83, ಪಿಎಚ್ 6.8ರ 0.5 ಮೋಲಾರ್ ಟ್ರಿಸ್ 1.25, 10% ಎಸ್‌ಡಿಎಸ್ 0.05, ಪರ್‌ಸಲ್ಫೇಟ್ 0.05, ಟೆಮೆಡ್ 0.005 ಮಿ.ಲೀ.

ಪರ್‌ಸಲ್ಫೇಟ್ ದ್ರಾವಣ ಆದಷ್ಟು ಹೊಸದಾಗಿರಲಿ. ಜೆಲ್ ಗಟ್ಟಿಯಾಗದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಅದನ್ನೂ ಟೆಮೆಡ್ ಅನ್ನೂ ಕೊನೆಯಲ್ಲಿ ಹಾಕಿ, ಕೂಡಲೇ ಗಾಜಿನ ತಟ್ಟೆಗಳ ನಡುವೆ ಸುರಿಯಿರಿ. ಮೇಲೆ ಐಸೊಪ್ರೊಪನಾಲ್ ಒಂದು ತೆಳು ಪದರ ಬಿಟ್ಟರೆ ಅಂಚು ಸಮವಾಗುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಗಟ್ಟಿಯಾದ ಮೇಲೆ ಅದನ್ನು ಚೆಲ್ಲಿ, ತೊಳೆದು, ಸ್ಟ್ಯಾಕಿಂಗ್ ಜೆಲ್ ಸುರಿದು, ಮಾದರಿ ಹಾಕುವ ಗುಳಿಗಳನ್ನು (ವೆಲ್) ಮೂಡಿಸುವ ಕೋಂಬ್ ಇಳಿಸಿ. ಹಲ್ಲಿನ ಕೆಳಗೆ ಗುಳ್ಳೆ ಉಳಿಯಬಾರದು.

ಯಾವ ಲೇನ್‌ನಲ್ಲಿ ಯಾವುದು

ಮೊದಲು ಒಂದು ಟ್ರಯಲ್ ಜೆಲ್ ಓಡಿಸಿ. ಸಾಲ್ಮನ್ ಮಾದರಿಯನ್ನೇ 2, 5, 10 ಮೈಕ್ರೋಲೀಟರ್ ಹಾಕಿ ನೋಡಿ. ಸ್ನಾಯುವಿನಲ್ಲಿ ಹೇರಳವಾಗಿರುವ ಆಕ್ಟಿನ್ ಪ್ರೋಟೀನ್‌ನ ಅತಿ ದಪ್ಪ ಬ್ಯಾಂಡ್ ಪಕ್ಕದವುಗಳನ್ನು ನುಂಗುತ್ತಿದ್ದರೆ ಪ್ರಮಾಣ ಜಾಸ್ತಿ ಆಗಿದೆ. ಸಣ್ಣ ಬ್ಯಾಂಡ್‌ಗಳು ಕಾಣದಿದ್ದರೆ ಕಡಿಮೆ. ಈ ಹಂತ ಬಿಟ್ಟರೆ ಆಮೇಲೆ ಮಾಡುವ ಎಣಿಕೆ ಪೂರ್ತಿ ದಾರಿ ತಪ್ಪುತ್ತದೆ. ಏಕೆಂದರೆ ಜಾಸ್ತಿ ಲೋಡ್ ಆದ ಲೇನ್‌ನಲ್ಲಿ ಯಾವಾಗಲೂ ಜಾಸ್ತಿ ಬ್ಯಾಂಡ್ ಕಾಣುತ್ತವೆ. ಅದು ಪ್ರಭೇದದ ಗುಣ ಅಲ್ಲ, ಪಿಪೆಟ್‌ನ ಗುಣ.

10 ವೆಲ್‌ಗಳ ಜೆಲ್‌ಗೆ ನಾನು ಸೂಚಿಸುವ ಕ್ರಮ ಹೀಗಿದೆ. 1ರಲ್ಲಿ ಬರೀ ಸ್ಯಾಂಪಲ್ ಬಫರ್, 2ರಲ್ಲಿ ಲ್ಯಾಡರ್ (ಗಾತ್ರ ಮೊದಲೇ ಗೊತ್ತಿರುವ ಪ್ರೋಟೀನ್‌ಗಳ ಮಿಶ್ರಣ), 3ರಲ್ಲಿ ಮೊದಲ ಸಾಲ್ಮನ್, 4 ಟ್ರೌಟ್, 5 ಟ್ಯೂನಾ, 6 ಬಂಗುಡೆ, 7 ಶಾರ್ಕ್, 8 ಸಿಗಡಿ, 9 ಎರಡನೇ ಸಾಲ್ಮನ್, 10 ಮತ್ತೆ ಬಫರ್. ಅಂಚಿನ ಲೇನ್‌ಗಳು ಓರೆಯಾಗಿ ಓಡುವುದು ಸಾಮಾನ್ಯ, ಹಾಗಾಗಿ ಅಲ್ಲಿ ಮುಖ್ಯವಾದದ್ದು ಬೇಡ. ವೆಲ್ ಪೂರ್ತಿ ಖಾಲಿ ಬಿಟ್ಟರೆ ಪಕ್ಕದ ಲೇನ್ ಅತ್ತ ಹರಡುತ್ತದೆ.

ಎರಡು ಸಾಲ್ಮನ್‌ಗಳನ್ನು ಬೇಕೆಂದೇ ದೂರ ಇಟ್ಟಿದ್ದೇನೆ. ಪಕ್ಕಪಕ್ಕ ಇಟ್ಟರೆ ಅವು ತುಂಬ ಚೆನ್ನಾಗಿ ಹೊಂದುತ್ತವೆ, ನೋಡಲು ಖುಷಿ. ಆದರೆ ನಮಗೆ ಬೇಕಾದದ್ದು ಆ ಖುಷಿ ಅಲ್ಲ. ಜೆಲ್‌ನ ಒಂದು ಬದಿಗೂ ಇನ್ನೊಂದು ಬದಿಗೂ ಇರುವ ಓಟದ ವ್ಯತ್ಯಾಸವೂ ಸೇರಿ ಒಟ್ಟು ಎಷ್ಟು ತಪ್ಪು ಬರಬಹುದು ಎಂಬುದು ಈ ಜೋಡಿಯಿಂದ ತಿಳಿಯಬೇಕು.

ಓಟ, ಬಣ್ಣ

ಸ್ಟ್ಯಾಕಿಂಗ್ ಜೆಲ್ ದಾಟುವವರೆಗೆ 80 ವೋಲ್ಟ್, ಆಮೇಲೆ 120ರಿಂದ 150 ವೋಲ್ಟ್. ಮಿನಿ ಜೆಲ್‌ಗೆ ಒಂದೂವರೆ ಗಂಟೆ ಆಸುಪಾಸು. ಬ್ರೋಮೋಫಿನಾಲ್ ಬ್ಲೂ ಬಣ್ಣದ ನೀಲಿ ಗೆರೆ ಕೆಳ ಅಂಚಿಗೆ ಅರ್ಧ ಸೆಂಟಿಮೀಟರ್ ಇರುವಾಗ ನಿಲ್ಲಿಸಿ. ಅದು ಹೊರಗೆ ಹೋಗಿಬಿಟ್ಟರೆ ಅಳತೆಯ ಆಧಾರವೇ ಹೋಯಿತು, ಮೀನಿನ ಅತಿ ಚಿಕ್ಕ ಪ್ರೋಟೀನ್‌ಗಳೂ ಅದರ ಜೊತೆ ಹೋಗುತ್ತವೆ. ಮಧ್ಯದ ಲೇನ್‌ಗಳು ಮುಂದೆ, ಅಂಚಿನವು ಹಿಂದೆ ಉಳಿಯುತ್ತಿದ್ದರೆ ಜೆಲ್ ಬಿಸಿಯಾಗಿದೆ ಎಂದರ್ಥ, ವೋಲ್ಟೇಜ್ ಇಳಿಸಿ.

ತಟ್ಟೆ ಬಿಡಿಸಿದ ಕೂಡಲೇ ಜೆಲ್‌ನ ಒಂದು ಮೂಲೆ ಕತ್ತರಿಸಿ, ಮಗುಚಿದರೂ ಎಡ ಬಲ ಗೊತ್ತಾಗಲಿ. 40% ಮೆಥನಾಲ್, 10% ಅಸಿಟಿಕ್ ಆಮ್ಲದಲ್ಲಿ ಕರಗಿಸಿದ 0.1% ಕೂಮಾಸಿ ಆರ್-250ರಲ್ಲಿ ಒಂದು ಗಂಟೆ ಇಡಿ. ಆಮೇಲೆ ಬಣ್ಣವಿಲ್ಲದ ಅದೇ ದ್ರಾವಣವನ್ನು ಬದಲಿಸುತ್ತಾ ಹಿನ್ನೆಲೆ ತಿಳಿಯಾಗುವವರೆಗೆ ತೊಳೆಯಿರಿ. ಪಕ್ಕದಲ್ಲಿ ಟಿಶ್ಯೂ ಪೇಪರ್ ಗಂಟು ಹಾಕಿಟ್ಟರೆ ಅದು ಬಣ್ಣ ಹೀರುತ್ತದೆ. ಕೊನೆಗೆ ನೀರಿನಲ್ಲಿಟ್ಟು, ಕೆಳಗಿನಿಂದ ಸಮ ಬೆಳಕು ಬಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರವಾಗಿ ಮೇಲಿನಿಂದ ಫೋಟೋ ತೆಗೆಯಿರಿ.

ಗಾತ್ರದ ಲೆಕ್ಕ

ರಿಸಾಲ್ವಿಂಗ್ ಜೆಲ್‌ನ ಮೇಲಂಚಿನಿಂದ ಪ್ರತಿ ಬ್ಯಾಂಡ್‌ಗೆ ಇರುವ ದೂರವನ್ನು ಅಳೆಯಿರಿ. ಅದನ್ನು ನೀಲಿ ಗೆರೆ ಸಾಗಿದ ದೂರದಿಂದ ಭಾಗಿಸಿದರೆ ಸಾಪೇಕ್ಷ ಓಟ ಸಿಗುತ್ತದೆ. ಬೇರೆ ಬೇರೆ ಜೆಲ್ ಹೋಲಿಸಲು ಇದು ಬೇಕು. ಗಾತ್ರದ ಲಾಗರಿದಮ್ ಅನ್ನು ಇದರ ಎದುರು ಗ್ರಾಫ್ ಹಾಕಿದರೆ ಮಧ್ಯಭಾಗದಲ್ಲಿ ಹೆಚ್ಚುಕಮ್ಮಿ ನೇರ ಗೆರೆ ಬರುತ್ತದೆ. ಮೇಲೆ ಮತ್ತು ಕೆಳಗೆ ಬಾಗುತ್ತದೆ, ಆ ಭಾಗದಲ್ಲಿ ಅಂದಾಜು ಗಾತ್ರವನ್ನು ತುಂಬ ನಂಬಬೇಡಿ.

ಒಂದು ಲೆಕ್ಕ ಮಾಡಿ ನೋಡೋಣ. ಲ್ಯಾಡರ್‌ನ 50 ಕಿಲೋಡಾಲ್ಟನ್ ಬ್ಯಾಂಡ್ 25 ಮಿ.ಮೀ.ನಲ್ಲಿ, 37ರ ಬ್ಯಾಂಡ್ 30 ಮಿ.ಮೀ.ನಲ್ಲಿ ಇದೆ ಎಂದುಕೊಳ್ಳಿ. ನಿಮ್ಮ ದಪ್ಪ ಬ್ಯಾಂಡ್ 28ರಲ್ಲಿದೆ. 50ರ ಲಾಗ್ 1.699, 37ರ ಲಾಗ್ 1.568. ವ್ಯತ್ಯಾಸ 0.131. ನಿಮ್ಮ ಬ್ಯಾಂಡ್ ಐದರಲ್ಲಿ ಮೂರು ಭಾಗ ಕೆಳಗಿದೆ, ಹಾಗಾಗಿ 1.699ರಿಂದ 0.079 ಕಳೆದರೆ 1.620. ಅಂದರೆ ಸುಮಾರು 42 ಕಿಲೋಡಾಲ್ಟನ್. ಆಕ್ಟಿನ್ ಇರಬೇಕಾದ ಜಾಗ ಅದೇ.

ಇದೇ ಲೆಕ್ಕದಲ್ಲಿ 1 ಮಿ.ಮೀ. ತಪ್ಪಿದರೆ ಉತ್ತರ ಎರಡೂವರೆ ಕಿಲೋಡಾಲ್ಟನ್ ಆಚೀಚೆ ಆಗುತ್ತದೆ. "41.7" ಎಂದು ದಶಾಂಶ ಸಮೇತ ಬರೆಯುವ ಹಕ್ಕು ಈ ಅಳತೆಗೆ ಇಲ್ಲ.

ಬ್ಯಾಂಡ್‌ಗಳನ್ನು ಓದುವುದು

ಮೇಲಿನಿಂದ ಕೆಳಗೆ ಬರೋಣ. 12% ಜೆಲ್‌ನ ನೆತ್ತಿಯಲ್ಲಿ 200 ಕಿಲೋಡಾಲ್ಟನ್ ದಾಟಿದ ಮಯೋಸಿನ್ ಭಾರ ಸರಪಳಿ ದಪ್ಪಗೆ ಕಾಣುತ್ತದೆ. 3,000 ದಾಟುವ ಟೈಟಿನ್ ಈ ಜೆಲ್‌ನೊಳಗೆ ಬರುವುದೇ ಇಲ್ಲ. 100ರ ಹತ್ತಿರ ಆಲ್ಫಾ-ಆಕ್ಟಿನಿನ್, 97ರಲ್ಲಿ ಗ್ಲೈಕೋಜನ್ ಫಾಸ್ಫೊರಿಲೇಸ್. 42ರಲ್ಲಿ ಆಕ್ಟಿನ್. ವಿಕಾಸದಲ್ಲಿ ಅತಿ ಕಡಿಮೆ ಬದಲಾದ ಪ್ರೋಟೀನ್‌ಗಳಲ್ಲಿ ಅದೂ ಒಂದು. ಮೀನಿಂದ ಸಿಗಡಿವರೆಗೆ ಎಲ್ಲ ಲೇನ್‌ಗಳಲ್ಲೂ ಒಂದೇ ಎತ್ತರದಲ್ಲಿ ಇರಬೇಕು. ಇಲ್ಲದಿದ್ದರೆ ಆ ಲೇನ್ ಓರೆಯಾಗಿ ಓಡಿದೆ ಎಂದು ತಿಳಿಯಿರಿ. ಜೆಲ್ ಸರಿಯಾಗಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಗುರುತು ಇಲ್ಲ.

ಅದರ ಕೆಳಗೆ ಟ್ರೋಪೊಮಯೋಸಿನ್. ಅಮಿನೊ ಆಮ್ಲಗಳ ಲೆಕ್ಕದಲ್ಲಿ ಅದು 33, ಜೆಲ್ ಮೇಲೆ ಅದಕ್ಕಿಂತ ಮೇಲೆಯೇ, 36ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಿಗಡಿ ಅಲರ್ಜಿಗೆ ಮುಖ್ಯ ಕಾರಣ ಇದೇ ಪ್ರೋಟೀನ್. 15ರಿಂದ 25ರ ನಡುವೆ ಮಯೋಸಿನ್‌ನ ಹಗುರ ಸರಪಳಿಗಳು. ಈ ಭಾಗವನ್ನು ತಾಳ್ಮೆಯಿಂದ ನೋಡಿ, ಮೀನುಗಳ ನಡುವಿನ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ, 12ರ ಹತ್ತಿರ, ಪಾರ್ವಾಲ್ಬ್ಯೂಮಿನ್. ಮೀನಿನ ಅಲರ್ಜಿಗೆ ಮುಖ್ಯವಾಗಿ ಇದು ಕಾರಣ. ಟ್ಯೂನಾದಲ್ಲಿ ಇದು ಕಡಿಮೆ ಇರುತ್ತದೆ, ಹಾಗಾಗಿ ಆ ಲೇನ್‌ನಲ್ಲಿ ಬ್ಯಾಂಡ್ ತೀರಾ ಮಸುಕಾಗಿ ಕಾಣಬಹುದು. ಮಸುಕು ಅಂದರೆ ಪ್ರೋಟೀನ್ ಇಲ್ಲ ಎಂದಲ್ಲ, ಕಡಿಮೆ ಇದೆ ಎಂದು.

ಈಗ ಸಿಗಡಿಯ ಲೇನ್‌ಗೆ ಬನ್ನಿ. 100ರ ಹತ್ತಿರ ಒಂದು ಬ್ಯಾಂಡ್ ಇದೆ. ಮೀನುಗಳಲ್ಲೂ ಅಲ್ಲೇ ಬ್ಯಾಂಡ್ ಇದೆ. ಎರಡೂ ಒಂದೇ ಎಂದು ಟಿಕ್ ಹಾಕುವುದು ಸುಲಭ. ಆದರೆ ಸಿಗಡಿಯಂಥ ಅಕಶೇರುಕಗಳ ಸ್ನಾಯುವಿನಲ್ಲಿ ಪ್ಯಾರಾಮಯೋಸಿನ್ ಎಂಬ ಪ್ರೋಟೀನ್ ಇದೆ, ಗಾತ್ರ ಸುಮಾರು 100. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಅದು ಇಲ್ಲವೇ ಇಲ್ಲ. ಅದೇ ಎತ್ತರದಲ್ಲಿ ನಿಂತಿದ್ದರೂ ಸಂಬಂಧವೇ ಇಲ್ಲದ ಪ್ರೋಟೀನ್ ಆಗಿರಬಹುದು. 40ರ ಹತ್ತಿರವೂ ಇದೇ ಕಥೆ. ಮೀನಿನ ಸ್ನಾಯುವಿನಲ್ಲಿ ಶಕ್ತಿ ಒದಗಿಸಲು ಕ್ರಿಯಾಟಿನ್ ಕೈನೇಸ್ ಇದೆ, ಸಿಗಡಿಯಲ್ಲಿ ಅದೇ ಕೆಲಸಕ್ಕೆ ಆರ್ಜಿನಿನ್ ಕೈನೇಸ್. ಎರಡೂ 40ರ ಆಸುಪಾಸಿನವೇ, ಎರಡೂ ಆಕ್ಟಿನ್‌ನ ಪಕ್ಕದಲ್ಲೇ ಕೂರುತ್ತವೆ. ನಮ್ಮ 1 ಮಿ.ಮೀ. ತಪ್ಪಿನ ಲೆಕ್ಕ ಇಲ್ಲಿ ನೆನಪಿಗೆ ಬರಬೇಕು. ಸ್ಕೇಲ್ ಹಿಡಿದು ಇವನ್ನು ಬಿಡಿಸಲು ಸಾಧ್ಯವಿಲ್ಲ.

ಎತ್ತರ ಬೇರೆಯಾದರೂ ಒಂದೇ ವಂಶದ ಪ್ರೋಟೀನ್ ಆಗಿರಬಹುದು ಎಂಬುದೂ ಅಷ್ಟೇ ನಿಜ. ಒಂದು ಜೀನ್‌ನಲ್ಲಿ ಚಿಕ್ಕ ತುಂಡು ಸೇರಿದರೆ ಬ್ಯಾಂಡ್ ಸ್ವಲ್ಪ ಮೇಲೆ ಹೋಗುತ್ತದೆ. ಆಗ ಎರಡು ಲೇನ್‌ಗಳಲ್ಲೂ ಒಂದೊಂದು ಬ್ಯಾಂಡ್‌ಗೆ ಜೋಡಿ ಸಿಗುವುದಿಲ್ಲ. ಬದಲಾವಣೆ ಒಂದೇ, ಎಣಿಕೆಯಲ್ಲಿ ವ್ಯತ್ಯಾಸ ಎರಡು.

ಎಣಿಕೆ ಮತ್ತು ಹೋಲಿಕೆ

ಎಣಿಸುವ ಮುಂಚೆಯೇ ನಿಯಮ ಬರೆದುಕೊಳ್ಳಿ. ಎಷ್ಟು ಮಸುಕಾದರೆ ಬಿಡುವುದು, ಎಷ್ಟು ಅಂತರದೊಳಗಿದ್ದರೆ ಒಂದೇ ಎನ್ನುವುದು ಎಲ್ಲ ಮೊದಲೇ ನಿರ್ಧಾರವಾಗಿರಲಿ. ಫೋಟೋದಲ್ಲಿ ಲೇನ್‌ಗಳ ಹೆಸರು ಮುಚ್ಚಿ, ಇಬ್ಬರು ಬೇರೆ ಬೇರೆ ಕೂತು ಎಣಿಸಿ. ಹೆಸರು ಕಾಣುತ್ತಿದ್ದರೆ ಟ್ರೌಟ್‌ನಲ್ಲಿ ಸಾಲ್ಮನ್ ಹುಡುಕಲು ಕಣ್ಣು ತಾನೇ ಹೊರಡುತ್ತದೆ.

ಪ್ರತಿ ಜೋಡಿಗೂ ಹೀಗೆ ಲೆಕ್ಕ ಹಾಕಿ: ಎರಡರಲ್ಲೂ ಇರುವ ಬ್ಯಾಂಡ್‌ಗಳ ಸಂಖ್ಯೆಯನ್ನು 2ರಿಂದ ಗುಣಿಸಿ, ಎರಡೂ ಲೇನ್‌ಗಳ ಒಟ್ಟು ಬ್ಯಾಂಡ್‌ಗಳಿಂದ ಭಾಗಿಸಿ. ಇದಕ್ಕೆ ಡೈಸ್ ಸೂಚ್ಯಂಕ ಎನ್ನುತ್ತಾರೆ. ಉದಾಹರಣೆಗೆ ಸಾಲ್ಮನ್‌ನಲ್ಲಿ 18, ಟ್ರೌಟ್‌ನಲ್ಲಿ 17, ಸಮಾನ 15 ಎಂದಿಟ್ಟುಕೊಳ್ಳಿ. 30ನ್ನು 35ರಿಂದ ಭಾಗಿಸಿದರೆ 0.86. ಸಿಗಡಿಯಲ್ಲಿ 16, ಸಾಲ್ಮನ್ ಜೊತೆ ಸಮಾನ 6 ಆದರೆ 12ನ್ನು 34ರಿಂದ ಭಾಗಿಸಿ, 0.35.

ಈಗ ಎರಡು ಸಾಲ್ಮನ್‌ಗಳ ಸಂಖ್ಯೆ ನೋಡಿ. ಒಂದರಲ್ಲಿ 18, ಇನ್ನೊಂದರಲ್ಲಿ 17, ಸಮಾನ 17 ಆದರೆ 0.97. ಆಗ ಟ್ರೌಟ್‌ನ 0.86ಕ್ಕೆ ತೂಕ ಇದೆ. ಅದೇ ಎರಡು ಸಾಲ್ಮನ್‌ಗಳ ನಡುವೆ 0.88 ಬಂದರೆ? ಆಗ ಟ್ರೌಟ್ ಬಗ್ಗೆ ಈ ಜೆಲ್ ಏನನ್ನೂ ಹೇಳಿಲ್ಲ. ಸಿಗಡಿ ದೂರ ಎಂಬುದು ಮಾತ್ರ ನಿಲ್ಲುತ್ತದೆ. ಇಡೀ ಪ್ರಯೋಗದ ಫಲಿತಾಂಶವನ್ನು ಈ ಒಂದು ಸಂಖ್ಯೆಯ ಎದುರಿಟ್ಟು ಓದಬೇಕು.

ಒಂದೇ ಪ್ರಭೇದದೊಳಗೆ ಅಷ್ಟೊಂದು ವ್ಯತ್ಯಾಸ ಇರುತ್ತದಾ ಎಂದು ಅನಿಸಬಹುದು. 1966ರಲ್ಲಿ ಲೆವಾಂಟಿನ್ ಮತ್ತು ಹಬ್ಬಿ ಡ್ರೊಸೊಫಿಲಾ ನೊಣಗಳ ಕಿಣ್ವಗಳನ್ನು ಎಸ್‌ಡಿಎಸ್ ಇಲ್ಲದ ಜೆಲ್‌ನಲ್ಲಿ ಓಡಿಸಿ ನೋಡಿದಾಗ, ಒಂದೇ ಪ್ರಭೇದದೊಳಗೆ ಆಗ ಹೆಚ್ಚಿನವರು ಊಹಿಸಿದ್ದಕ್ಕಿಂತ ತುಂಬಾ ಜಾಸ್ತಿ ವೈವಿಧ್ಯ ಕಂಡಿತು. ನಮ್ಮ ಜೆಲ್ ಗಾತ್ರ ಮಾತ್ರ ನೋಡುವುದರಿಂದ ಅದರಲ್ಲಿ ದೊಡ್ಡ ಪಾಲು ನಮಗೆ ಕಾಣುವುದಿಲ್ಲ. ಆದರೂ ಸೊನ್ನೆ ಎಂದು ಊಹಿಸಿಕೊಳ್ಳುವಂತಿಲ್ಲ.

ಸಂಖ್ಯೆಗಳನ್ನು ಕೋಷ್ಟಕದಲ್ಲಿ ಬರೆದು, ಅತಿ ಹೆಚ್ಚು ಹೊಂದುವ ಜೋಡಿಯಿಂದ ಶುರು ಮಾಡಿ ಒಂದೊಂದಾಗಿ ಸೇರಿಸುತ್ತಾ ಮರದ ಚಿತ್ರ ಬರೆಯಬಹುದು. ಅದನ್ನು ವಂಶವೃಕ್ಷ ಎಂದು ಕರೆಯಬೇಡಿ, ಹೋಲಿಕೆಯ ಚಿತ್ರ ಎನ್ನಿ. ಇಪ್ಪತ್ತರ ಆಸುಪಾಸಿನ ಬ್ಯಾಂಡ್‌ಗಳು ಸ್ನಾಯುವಿನಲ್ಲಿ ಹೇರಳವಾಗಿರುವ ಪ್ರೋಟೀನ್‌ಗಳು ಮಾತ್ರ. ಕಡಿಮೆ ಪ್ರಮಾಣದ ಸಾವಿರಾರು ಪ್ರೋಟೀನ್‌ಗಳು ಈ ಬಣ್ಣಕ್ಕೆ ಸಿಕ್ಕೇ ಇಲ್ಲ.

ಮುಂದಿನ ಹಂತ

ಹೊಸದಾಗಿ ಪ್ರೋಟೀನ್ ತೆಗೆದು, ಲೇನ್‌ಗಳ ಕ್ರಮ ಬದಲಿಸಿ ಎರಡನೇ ಜೆಲ್ ಓಡಿಸಿ. ಎರಡರಲ್ಲೂ ಬಂದ ವ್ಯತ್ಯಾಸವನ್ನು ಮಾತ್ರ ವರದಿಗೆ ಬರೆಯಿರಿ.

ಸಾಲ್ಮನ್ ಮತ್ತು ಟ್ರೌಟ್‌ನಂಥ ಹತ್ತಿರದವನ್ನು ಖಚಿತವಾಗಿ ಬಿಡಿಸಬೇಕಾದರೆ ಐಸೊಎಲೆಕ್ಟ್ರಿಕ್ ಫೋಕಸಿಂಗ್ ಕಡೆ ಹೋಗಿ. ಅಲ್ಲಿ ನೀರಿನಲ್ಲಿ ಕರಗುವ ಪ್ರೋಟೀನ್‌ಗಳು ತಮ್ಮ ವಿದ್ಯುದಂಶದ ಪ್ರಕಾರ ಬೇರೆಯಾಗುತ್ತವೆ. ಮೀನಿನ ಪ್ರಭೇದ ಪತ್ತೆಗೆ ಆಹಾರ ಪರೀಕ್ಷೆಯ ಲ್ಯಾಬ್‌ಗಳು ಅದನ್ನು ಬಳಸುತ್ತಾ ಬಂದಿವೆ. ಹಸಿ ಮಾಂಸ ಬೇಕು, ಬೇಯಿಸಿದ್ದು ಆಗುವುದಿಲ್ಲ. ಒಂದು ಬ್ಯಾಂಡ್ ಯಾವ ಪ್ರೋಟೀನ್ ಎಂದೇ ತಿಳಿಯಬೇಕಾದರೆ ಅದನ್ನು ಜೆಲ್‌ನಿಂದ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿ. ಆ ಯೋಚನೆ ಇದ್ದರೆ ಶುರುವಿನಿಂದಲೇ ಹೊಸ ಗ್ಲೌಸ್, ಶುದ್ಧ ತಟ್ಟೆ ಬಳಸಿ, ಇಲ್ಲದಿದ್ದರೆ ನಿಮ್ಮ ಚರ್ಮದ ಕೆರಾಟಿನ್ ಮೀನಿನ ಪ್ರೋಟೀನ್ ಜೊತೆ ಸೇರಿ ಬರುತ್ತದೆ. ಸಿಗಡಿಯ ಆ 100ರ ಬ್ಯಾಂಡ್ ಅನ್ನೇ ಮೊದಲು ಕಳಿಸಿ.